ಮಾಡೆಲ್ ಟಿ ಕಾರಿನ ಗೇರ್‌ಬಾಕ್ಸ್: ತೆರೆದು ನೋಡುವುದು, ಹೊಂದಿಸುವುದು, ಕಾಪಾಡುವುದು

ಹತ್ತು ವರ್ಷದ ಹಿಂದೆ ನಮ್ಮ ಮನೆಯ 1924ರ ಫೋರ್ಡ್ ಮಾಡೆಲ್ ಟಿ ಚಾಮುಂಡಿ ಬೆಟ್ಟದ ಅರ್ಧ ದಾರಿಯಲ್ಲಿ ಕುದಿಯತೊಡಗಿತು. ರೇಡಿಯೇಟರ್‌ನಲ್ಲಿ ನೀರಿತ್ತು, ಬೆಲ್ಟ್ ಸರಿಯಿತ್ತು, ಕಿಡಿಯ ಸಮಯವೂ ಸರಿಯಿತ್ತು. ಕಾರು ತಣಿದ ಮೇಲೆ ಕಾಲಡಿಯ ಹಲಗೆ ಎತ್ತಿ ಗೇರ್‌ಬಾಕ್ಸ್ ಮುಚ್ಚಳ ತೆರೆದೆ. ಬ್ರೇಕ್ ಡ್ರಮ್ಮಿನ ಮೇಲೆ ನೀಲಿಗಟ್ಟಿದ ಮಚ್ಚೆಗಳು. ಅಂಚಿನ ಉದ್ದಕ್ಕೂ ಹೆಬ್ಬೆರಳಿನ ಉಗುರು ಆಡಿಸಿದರೆ ಒಂದು ಕಡೆ ಉಗುರು ಸಿಕ್ಕಿಕೊಂಡಿತು: ಕೂದಲೆಳೆಯಷ್ಟು ಬಿರುಕು. ವಾರದ ಹಿಂದೆ ಒಬ್ಬ ಮೆಕ್ಯಾನಿಕ್ ಬ್ರೇಕ್ ಚೆನ್ನಾಗಿ ಹಿಡಿಯಲಿ ಎಂದು ಡ್ರಮ್‌ಗಳನ್ನು ಸುತ್ತಿ ಹಿಡಿಯುವ ಮೂರೂ ಪಟ್ಟಿಗಳನ್ನು ಬಿಗಿದಿದ್ದರು. ಪಟ್ಟಿ ಡ್ರಮ್ಮನ್ನು ಸದಾ ಸವರುತ್ತಿತ್ತು. ಎಂಜಿನ್ ಬೆಟ್ಟ ಹತ್ತುವುದರ ಜೊತೆಗೆ ತನ್ನದೇ ಬ್ರೇಕಿನ ವಿರುದ್ಧವೂ ದುಡಿಯುತ್ತಿತ್ತು.

ಈ ಗೇರ್‌ಬಾಕ್ಸ್‌ನ ಆರೈಕೆಯಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಅದೇ. ಸಡಿಲವಾದ ಪಟ್ಟಿ ಪೆಡಲ್‌ನ ಮೂಲಕ ಮೊದಲೇ ಎಚ್ಚರಿಸುತ್ತದೆ. ಅತಿ ಬಿಗಿಯಾದ ಪಟ್ಟಿ ಸದ್ದಿಲ್ಲದೆ ಡ್ರಮ್ಮನ್ನು ಸುಡುತ್ತದೆ. ಈ ಬಿಗಿಯ ಹದವನ್ನು ಕೈಗೆ ಮತ್ತು ಕಾಲಿಗೆ ಕಲಿಸುವುದೇ ಅರ್ಧ ಕೆಲಸ.

ಒಳಗೆ ಏನಿದೆ

1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಮಾಡೆಲ್ ಟಿಗಳು ತಯಾರಾದವು. ಬ್ರಿಟಿಷ್ ವಸಾಹತುಗಳಿಗೆ ಕಾರು ಒದಗಿಸುವ ಹಕ್ಕು ಕೆನಡಾದ ಫೋರ್ಡ್ ಕಂಪನಿಯದಾಗಿತ್ತು. ಹಾಗಾಗಿ ಭಾರತದಲ್ಲಿ ಉಳಿದಿರುವ ಹಲವು ಕಾರುಗಳ ಮೂಲ ಒಂಟಾರಿಯೊದ ಕಾರ್ಖಾನೆ, ಸ್ಟೀರಿಂಗ್ ಬಲಕ್ಕೆ. ನನ್ನದು ಎಡ ಸ್ಟೀರಿಂಗ್‌ನ ಅಮೆರಿಕದ ಕಾರು. ಮುಂದೆ ಬಲ, ಎಡ ಎಂದು ಬರೆದದ್ದೆಲ್ಲ ಅದನ್ನು ನೋಡಿಕೊಂಡು ಬರೆದದ್ದು. ನಿಮ್ಮ ಕಾರಿನಲ್ಲಿ ಪೆಡಲ್‌ಗಳು ಯಾವ ಬದಿಯಲ್ಲಿವೆ ಎಂದು ನೋಡಿ ಹೊಂದಿಸಿಕೊಳ್ಳಿ. ಒಳಗಿನ ತತ್ವ ಎರಡರಲ್ಲೂ ಒಂದೇ.

ಇದು ಗ್ರಹಗತಿಯ ಗೇರ್‌ಬಾಕ್ಸ್. ಎಂಜಿನ್‌ನ ಹಿಂತುದಿಯಲ್ಲಿ ತಿರುಗುವ ಭಾರದ ಚಕ್ರವಾದ ಫ್ಲೈವೀಲ್‌ನ ಹಿಂಬದಿಯಲ್ಲಿ ಮೂರು ಗೂಟಗಳು, ಪ್ರತಿ ಗೂಟದ ಮೇಲೆ 27, 33 ಮತ್ತು 24 ಹಲ್ಲುಗಳ ಮೂರು ಗೇರ್‌ಗಳು ಒಂದಾಗಿ ಕೂಡಿದ ಗುಂಪು. ಇವು ನಡುವಿನ 27, 21 ಮತ್ತು 30 ಹಲ್ಲುಗಳ ಗೇರ್‌ಗಳ ಸುತ್ತ ಗ್ರಹಗಳಂತೆ ತಿರುಗುತ್ತವೆ. ಹಿಂದಕ್ಕೆ ಮೂರು ಡ್ರಮ್‌ಗಳು ಸಾಲಾಗಿವೆ: ಫ್ಲೈವೀಲ್‌ಗೆ ಹತ್ತಿರದ್ದು ರಿವರ್ಸ್, ನಡುವಿನದು ನಿಧಾನ ಗೇರ್, ಕೊನೆಯದು ಬ್ರೇಕ್. ಪ್ರತಿ ಡ್ರಮ್ಮಿನ ಸುತ್ತ ಉಕ್ಕಿನ ಒಂದು ಪಟ್ಟಿ, ಪಟ್ಟಿಯ ಒಳಮೈಗೆ ಲೈನಿಂಗ್, ಅಂದರೆ ಡ್ರಮ್ಮನ್ನು ಉಜ್ಜಿ ಹಿಡಿಯುವ ಪದರ. ಎಡ ಪೆಡಲನ್ನು ಪೂರ್ತಿ ಒತ್ತಿದರೆ ನಡುವಿನ ಡ್ರಮ್ ನಿಂತು ನಿಧಾನ ಗೇರ್ ಸಿಗುತ್ತದೆ, ಅನುಪಾತ 2.75ಕ್ಕೆ 1. ನಡುವಿನ ಪೆಡಲ್ ಒತ್ತಿದರೆ ರಿವರ್ಸ್, 4ಕ್ಕೆ 1. ಬಲ ಪೆಡಲ್ ಬ್ರೇಕ್. ಎಡ ಪೆಡಲನ್ನು ಬಿಟ್ಟು ಕೈಸನ್ನೆಯನ್ನು (ಚಾಲಕನ ಕೈಗೆ ಸಿಗುವ ಲಿವರ್) ಮುಂದಕ್ಕೆ ತಳ್ಳಿದರೆ, ಬ್ರೇಕ್ ಡ್ರಮ್ಮಿನ ಒಳಗಿರುವ ಉಕ್ಕಿನ ತಟ್ಟೆಗಳ ಕ್ಲಚ್ ಎಲ್ಲವನ್ನೂ ಒಂದೇ ಗಟ್ಟಿಯಾಗಿ ಹಿಡಿದು ಟಾಪ್ ಗೇರ್ ಆಗುತ್ತದೆ.

ಕಾರಿನ ಕಾಲ್‌ಬ್ರೇಕ್ ಚಕ್ರದಲ್ಲಿಲ್ಲ, ಗೇರ್‌ಬಾಕ್ಸ್‌ನ ಒಳಗಿದೆ ಎಂಬುದನ್ನು ಗಮನಿಸಿ. ಇಲ್ಲಿ ಮಾಡುವ ಪ್ರತಿ ಹೊಂದಾಣಿಕೆಯೂ ನಿಮ್ಮ ಪ್ರಾಣಕ್ಕೆ ಸಂಬಂಧಿಸಿದ್ದು.

ಮೊದಲು ಎಣ್ಣೆ

ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ಒಂದೇ ಎಣ್ಣೆ. ಪಂಪ್ ಇಲ್ಲ. ಫ್ಲೈವೀಲ್ ತಿರುಗುತ್ತಾ ಎಣ್ಣೆಯನ್ನು ಎರಚುತ್ತದೆ. ಆ ಎಣ್ಣೆಯಲ್ಲಿ ಒಂದಿಷ್ಟು ಸಣ್ಣ ಕೊಳವೆಯೊಂದರ ಮೂಲಕ ಎಂಜಿನ್‌ನ ಮುಂಭಾಗಕ್ಕೆ ಹರಿಯುತ್ತದೆ. ಇದರ ಪರಿಣಾಮ ದೊಡ್ಡದು. ಪಟ್ಟಿಯ ಹತ್ತಿ ಲೈನಿಂಗ್ ಸವೆದಾಗ ಉದುರುವ ನೂಲಿನ ಜುಂಗು ಆ ಕೊಳವೆಯನ್ನು ಕಟ್ಟಬಲ್ಲದು. ಹಾಗಾದರೆ ಮುಂದಿನ ಬೇರಿಂಗ್‌ಗಳು ಎಣ್ಣೆಯಿಲ್ಲದೆ ಸುಡುತ್ತವೆ.

ಫ್ಲೈವೀಲ್ ಕವಚದ ಹಿಂಬದಿಯಲ್ಲಿ ಒಂದರ ಮೇಲೊಂದು ಎರಡು ಪುಟ್ಟ ಟ್ಯಾಪ್‌ಗಳಿವೆ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಕಾದ ಮೇಲೆ ತಿರುಗಿಸಿ. ಕೆಳಗಿನದರಲ್ಲಿ ಎಣ್ಣೆ ಬರಲೇಬೇಕು. ಮೇಲಿನದರಿಂದ ಧಾರೆಯಾಗಿ ಸುರಿದರೆ ಹೆಚ್ಚಾಗಿದೆ. ಎರಡರ ನಡುವೆ ಇರುವುದು ಸರಿ. ಖಾಲಿ ಮಾಡಿ ತುಂಬುವಾಗ ಸುಮಾರು 3.8 ಲೀಟರ್ ಹಿಡಿಯುತ್ತದೆ. ಗೇರ್ ಆಯಿಲ್ ಇಲ್ಲಿ ಸಲ್ಲದು, ತೆಳುವಾದ ಎಂಜಿನ್ ಆಯಿಲ್ ಬೇಕು. ನಾನು 10ಡಬ್ಲ್ಯು-30 ಹಾಕುತ್ತೇನೆ. ದಪ್ಪ ಎಣ್ಣೆ ಕ್ಲಚ್ ತಟ್ಟೆಗಳ ನಡುವೆ ಅಂಟಿಕೊಂಡು, ನ್ಯೂಟ್ರಲ್‌ನಲ್ಲಿದ್ದರೂ ಕಾರು ತೆವಳುವಂತೆ ಮಾಡುತ್ತದೆ.

ಹಳೆಯ ಎಣ್ಣೆಯನ್ನು ಬಿಳಿ ಬೇಸಿನ್ನಿಗೆ ಇಳಿಸಿ ಬೆಳಕಿನಲ್ಲಿ ನೋಡಿ. ನೂಲಿನ ಜುಂಗು ಕಂಡರೆ ಲೈನಿಂಗ್ ಸವೆಯುತ್ತಿದೆ. ಹಳದಿ ಹೊಳಪಿನ ಕಣಗಳು ಕಂಚಿನ ಬುಷ್‌ಗಳಿಂದ (ತಿರುಗುವ ಭಾಗಗಳಿಗೆ ಆಸರೆಯಾದ ಬಳೆಗಳು) ಬಂದವು. ಬೆರಳಿಗೆ ಸಿಗುವ ಉಕ್ಕಿನ ಚೂರು ಬಂದರೆ ಕಾರನ್ನು ಓಡಿಸಬೇಡಿ. ಅದು ಗೇರಿನ ಹಲ್ಲಿನದೋ ಬೇರೆ ಭಾಗದ್ದೋ ತಿಳಿಯುವವರೆಗೆ ಕಾರು ಮನೆಯಲ್ಲೇ ನಿಲ್ಲಲಿ.

ತೆರೆಯುವ ಮೊದಲು ಕೇಳಿ, ತುಳಿದು ನೋಡಿ

ಎಂಜಿನ್ ಆರಿಸಿ ಒಂದೊಂದೇ ಪೆಡಲನ್ನು ಒತ್ತಿ. ಹಲಗೆಗೆ ತಾಗುವ ಮೊದಲೇ, ಒಂದೂವರೆಯಿಂದ ಎರಡು ಇಂಚು ಮೇಲೆ, ಅದು ಗಟ್ಟಿಯಾಗಿ ನಿಲ್ಲಬೇಕು. ಹಲಗೆಯವರೆಗೆ ಹೋಗುವ ಪೆಡಲ್‌ನ ಪಟ್ಟಿ ಸವೆದಿದೆ ಅಥವಾ ಸಡಿಲವಾಗಿದೆ. ಸ್ವಲ್ಪವೇ ಚಲಿಸಿ ನಿಲ್ಲುವ ಪೆಡಲ್ ಅದಕ್ಕಿಂತ ಹೆಚ್ಚು ಚಿಂತೆಗೆ ಕಾರಣ.

ಬಳಿಕ ಎಳೆತ ಪರೀಕ್ಷೆ. ಮುಂದಿನ ಎರಡು ಚಕ್ರಗಳಿಗೂ ನೆಲದ ಮೇಲಿರುವ ಹಿಂದಿನ ಚಕ್ರಕ್ಕೂ ಎರಡೂ ಕಡೆ ಮರದ ದಿಮ್ಮಿ ಕೊಟ್ಟು, ಹಿಂದಿನ ಇನ್ನೊಂದು ಚಕ್ರವನ್ನು ಜಾಕ್‌ನಿಂದ ಎತ್ತಿ, ಭದ್ರವಾದ ಸ್ಟ್ಯಾಂಡ್ ಮೇಲೆ ಕೂರಿಸಿ. ಕೈಸನ್ನೆಯನ್ನು ನೇರವಾಗಿ ನಿಲ್ಲಿಸಿ: ಆಗ ಕ್ಲಚ್ ಬಿಟ್ಟಿರುತ್ತದೆ, ಕೈಸನ್ನೆಯನ್ನು ಹಿಂದಕ್ಕೆ ಎಳೆದಾಗ ಹಿಡಿಯುವ ಹಿಂದಿನ ಚಕ್ರದ ಬ್ರೇಕ್ ಹಿಡಿದಿರುವುದಿಲ್ಲ. ಎಂಜಿನ್ ಬೆಚ್ಚಗಿರುವಾಗಲೇ ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿ. ಒಂದೇ ಸಮನಾದ ಮೃದು ಪ್ರತಿರೋಧ ಸಹಜ, ಅದು ಎಣ್ಣೆಯದು. ತಿರುಗಿಸಿ ಬಿಟ್ಟ ತಕ್ಷಣ ಚಕ್ರ ಹಿಡಿದಂತೆ ನಿಂತರೆ ಯಾವುದೋ ಪಟ್ಟಿ ಡ್ರಮ್ಮನ್ನು ಸವರುತ್ತಿದೆ. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಬಿಗಿಯಾದರೆ ಪಟ್ಟಿಯ ದುಂಡು ಕೆಟ್ಟಿರಬಹುದು.

ಈಗ ರಸ್ತೆಗೆ. ಕಿವಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ಟಾಪ್ ಗೇರಿನಲ್ಲಿ ಒಳಗಿನ ಗೇರ್‌ಗಳು ಒಂದರ ಮೇಲೊಂದು ಉರುಳುವುದಿಲ್ಲ, ಎಲ್ಲವೂ ಒಟ್ಟಿಗೆ ಸುತ್ತುತ್ತವೆ. ಆದ್ದರಿಂದ ನಿಧಾನ ಗೇರಿನಲ್ಲೂ ರಿವರ್ಸ್‌ನಲ್ಲೂ ಗುರುಗುಟ್ಟಿ ಟಾಪ್‌ನಲ್ಲಿ ನಿಲ್ಲುವ ಸದ್ದು ಗೇರ್ ಗುಂಪುಗಳದ್ದು ಅಥವಾ ಅವುಗಳ ಬುಷ್‌ಗಳದ್ದು. ಟಾಪ್‌ನಲ್ಲೂ ಮುಂದುವರಿಯುವ ಸದ್ದಿಗೆ ಬೇರೆ ಕಡೆ ಹುಡುಕಬೇಕು: ಹಿಂದಿನ ಆಕ್ಸಲ್, ಯುನಿವರ್ಸಲ್ ಜಾಯಿಂಟ್ ಅಥವಾ ಎಂಜಿನ್ ಬೇರಿಂಗ್. ಟಾಪ್‌ನಲ್ಲಿ ಥ್ರಾಟಲ್ ಎಳೆದಾಗ ಎಂಜಿನ್ ವೇಗ ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ನಿಧಾನ ಗೇರಿನಲ್ಲಿ ಪೆಡಲ್ ಗಡಗಡ ನಡುಗಿದರೆ ಲೈನಿಂಗ್ ಗಾಜಿನಂತೆ ನುಣುಪಾಗಿದೆ.

ಮುಚ್ಚಳ ತೆರೆಯುವಾಗ

ಇಗ್ನಿಷನ್ ಆರಿಸಿ, ಬ್ಯಾಟರಿ ಇದ್ದರೆ ತಂತಿ ಬಿಡಿಸಿ. ಕಾಲಡಿಯ ಹಲಗೆಗಳನ್ನು ತೆಗೆದರೆ ಗೇರ್‌ಬಾಕ್ಸ್‌ನ ಮೇಲ್ಬದಿಯ ಚಿಕ್ಕ ಬಾಗಿಲು ಕಾಣುತ್ತದೆ. ಸುತ್ತಲಿನ ಮಣ್ಣು, ಜಿಡ್ಡು ಎಲ್ಲವನ್ನೂ ಒರೆಸಿದ ಮೇಲೆಯೇ ಬೋಲ್ಟ್‌ಗಳನ್ನು ಬಿಚ್ಚಿ.

ಬಾಗಿಲು ತೆರೆದ ಕ್ಷಣದಲ್ಲೇ ಮಾಡಬೇಕಾದ ಕೆಲಸವೊಂದಿದೆ. ಹಳೆಯ ಧೋತಿಯ ದೊಡ್ಡ ತುಂಡೊಂದನ್ನು, ನೂಲು ಬಿಡದಂಥದ್ದನ್ನು, ಡ್ರಮ್‌ಗಳ ಎರಡು ಬದಿಯ ಸಂದಿಗೂ ಫ್ಲೈವೀಲ್ ಕಡೆಗೂ ಒತ್ತಿ ತುಂಬಿ. ಅದರ ಒಂದು ತುದಿ ಹೊರಗೆ ನೇತಾಡುತ್ತಿರಲಿ. ಕೆಳಗೆ ಫ್ಲೈವೀಲ್‌ನ ಮುಂಭಾಗದಲ್ಲಿ 16 ಅಯಸ್ಕಾಂತಗಳಿವೆ, ಕಿಡಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೊದ ಭಾಗ ಅವು. ಕೈಜಾರಿದ ನಟ್ಟೊಂದು ಅವುಗಳಿಗೆ ಅಂಟಿಕೊಂಡು ಎಂಜಿನ್ ತಿರುಗಿದರೆ ಮ್ಯಾಗ್ನೆಟೊ ಸುರುಳಿಗಳು ಹರಿದುಹೋಗುತ್ತವೆ. ನಟ್ ಬಿಚ್ಚುವ ಮೊದಲು ನಾನು ಅದಕ್ಕೆ ಹೊಲಿಗೆ ದಾರ ಸುತ್ತಿ, ದಾರದ ಇನ್ನೊಂದು ತುದಿಯನ್ನು ಸ್ಟೀರಿಂಗ್ ಕಂಬಕ್ಕೆ ಕಟ್ಟುತ್ತೇನೆ. ಬಿಚ್ಚಿದ ಪ್ರತಿ ನಟ್, ವಾಷರ್, ಸ್ಪ್ರಿಂಗ್ ತಟ್ಟೆಯಲ್ಲಿ ಸಾಲಾಗಿ ಕೂರಬೇಕು, ಎಣಿಕೆ ಕಾಗದದಲ್ಲಿ ಇರಬೇಕು.

ಟಾರ್ಚ್ ಹಿಡಿದು ಡ್ರಮ್‌ಗಳನ್ನು ನೋಡಿ. ಒಳ್ಳೆಯ ಡ್ರಮ್ಮಿನ ಮೈ ಬೂದು ಬಣ್ಣದ್ದು, ಸಮ. ನೀಲಿ ಅಥವಾ ಕಂದು ಮಚ್ಚೆ ಶಾಖದ ಗುರುತು. ಬಿರುಕು ಹುಡುಕುವಾಗ ಕಣ್ಣಿಗಿಂತ ಉಗುರನ್ನು ನಂಬಿ. ಅಂಚಿನ ಉದ್ದಕ್ಕೂ, ಗೇರನ್ನು ಡ್ರಮ್ಮಿಗೆ ಜೋಡಿಸುವ ರಿವೆಟ್‌ಗಳು ಕಾಣುವಂತಿದ್ದರೆ ಅವುಗಳ ಸುತ್ತಲೂ ನಿಧಾನವಾಗಿ ಆಡಿಸಿ. ಡ್ರಮ್ಮನ್ನು ಸುತ್ತಿಸಲು ಎತ್ತಿದ ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬಹುದು.

ಇದೇ ಹೊತ್ತಿಗೆ ಮುಚ್ಚಳದ ಮೇಲಿರುವ ಮ್ಯಾಗ್ನೆಟೊ ಸಂಪರ್ಕದ ಮೂರು ತಿರುಪುಗಳನ್ನು ಬಿಚ್ಚಿ, ಅದರ ತಳದಲ್ಲಿ ಸಿಕ್ಕಿಕೊಂಡಿರುವ ಜುಂಗನ್ನು ತೆಗೆಯಿರಿ. ಮ್ಯಾಗ್ನೆಟೊ ಕೈಕೊಟ್ಟಿದೆ ಎಂದು ಎಂಜಿನ್ ಇಳಿಸಲು ಹೊರಟವರ ಕಾರು ಇಷ್ಟರಿಂದಲೇ ಸರಿಹೋಗಿದ್ದನ್ನು ನಾನು ಎರಡು ಸಲ ಕಂಡಿದ್ದೇನೆ.

ಪಟ್ಟಿಗಳ ಹೊಂದಾಣಿಕೆ

ನಿಧಾನ ಗೇರಿನ ಪಟ್ಟಿಗೆ ಬಾಗಿಲು ತೆರೆಯಬೇಕಾಗಿಲ್ಲ. ಮುಚ್ಚಳದ ಬಲ ಹೊರಬದಿಯಲ್ಲಿ ಲಾಕ್‌ನಟ್ ಇರುವ ತಿರುಪಿದೆ. ಲಾಕ್‌ನಟ್ ಸಡಿಲಿಸಿ ತಿರುಪನ್ನು ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಬ್ರೇಕ್ ಮತ್ತು ರಿವರ್ಸ್ ಪಟ್ಟಿಗಳ ನಟ್‌ಗಳು ಬಾಗಿಲಿನ ಒಳಗೆ, ಪೆಡಲ್ ದಂಡಗಳ ತುದಿಯಲ್ಲಿವೆ. ಅವನ್ನೂ ಬಲಕ್ಕೆ ತಿರುಗಿಸಬೇಕು.

ಒಂದು ಸಲಕ್ಕೆ ಅರ್ಧ ಸುತ್ತು, ಅದಕ್ಕಿಂತ ಹೆಚ್ಚಲ್ಲ. ತಿರುಗಿಸಿದ ಪ್ರತಿ ಸಲವೂ ಪೆಡಲ್ ಒತ್ತಿ, ಬಿಟ್ಟು, ಎತ್ತಿದ ಚಕ್ರವನ್ನು ತಿರುಗಿಸಿ ನೋಡಿ. ಪೆಡಲ್ ಹಲಗೆಯಿಂದ ಮೇಲೆಯೇ ಗಟ್ಟಿಯಾಗಿ ನಿಲ್ಲಬೇಕು, ಬಿಟ್ಟಾಗ ಚಕ್ರ ಬಿಡುಬೀಸಾಗಿ ತಿರುಗಬೇಕು. ಇವೆರಡೂ ಒಟ್ಟಿಗೆ ಸಿಗದಿದ್ದರೆ, ಅಂದರೆ ಹಿಡಿಯುವಷ್ಟು ಬಿಗಿದಾಗ ಸವರುತ್ತದೆ, ಸವರದಷ್ಟು ಸಡಿಲಿಸಿದಾಗ ಹಿಡಿಯುವುದಿಲ್ಲ ಎಂದಾದರೆ, ಲೈನಿಂಗ್ ಮುಗಿದಿದೆ ಅಥವಾ ಪಟ್ಟಿಯ ದುಂಡು ಕೆಟ್ಟಿದೆ. ಇನ್ನಷ್ಟು ಬಿಗಿಯುವುದು ಅದಕ್ಕೆ ಪರಿಹಾರವಲ್ಲ. ಬ್ರೇಕ್ ಪಟ್ಟಿ ಮಾತ್ರ ಒಮ್ಮೆಲೇ ಜೋರಾಗಿ ಒತ್ತಿದಾಗ ಹಿಂದಿನ ಚಕ್ರಗಳನ್ನು ಜಾರಿಸುವಷ್ಟು ಹಿಡಿಯಬೇಕು. ಅದನ್ನು ಖಾಲಿ ಮೈದಾನದಲ್ಲಿ ಪರೀಕ್ಷಿಸಿ.

ಕ್ಲಚ್ ಮತ್ತು ತೆವಳುವ ಕಾರು

ಟಾಪ್ ಗೇರಿನಲ್ಲಿ ಕ್ಲಚ್ ಜಾರುತ್ತಿದ್ದರೆ ಡ್ರಮ್‌ಗಳ ಹಿಂದೆ ಮೂರು ಬೆರಳುಗಳಂಥ ಸನ್ನೆಗಳನ್ನು ಹುಡುಕಿ. ಪ್ರತಿಯೊಂದಕ್ಕೂ ಒಂದು ತಿರುಪು, ಅದಕ್ಕೊಂದು ಕಾಟರ್ ಪಿನ್. ದಿಮ್ಮಿಗಳು ಭದ್ರವಾಗಿವೆ ಎಂದು ಮತ್ತೊಮ್ಮೆ ನೋಡಿ, ಕೈಸನ್ನೆಯನ್ನು ಮುಂದಕ್ಕೆ ತಳ್ಳಿ, ಎಂಜಿನನ್ನು ಮುಂಬದಿಯ ಕೈಹಿಡಿಕೆಯಿಂದ (ಕ್ರ್ಯಾಂಕ್) ನಿಧಾನವಾಗಿ ತಿರುಗಿಸಿದರೆ ಒಂದೊಂದೇ ಬೆರಳು ಬಾಗಿಲಿನ ಕೆಳಗೆ ಬರುತ್ತದೆ. ಪಿನ್ ತೆಗೆದು ತಿರುಪನ್ನು ಬಲಕ್ಕೆ ಅರ್ಧದಿಂದ ಒಂದು ಸುತ್ತು ತಿರುಗಿಸಿ. ಮೂರಕ್ಕೂ ಒಂದೇ ಪ್ರಮಾಣ. ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಆದರೆ ತಟ್ಟೆಗಳ ಮೇಲಿನ ಒತ್ತಡ ಓರೆಯಾಗುತ್ತದೆ. ಹೊಸ ಕಾಟರ್ ಪಿನ್ ಹಾಕಿ ತುದಿಗಳನ್ನು ಅಗಲಿಸಿ. ಹಳೆಯದನ್ನು ಮತ್ತೆ ಬಳಸಬೇಡಿ.

ಕೈಹಿಡಿಕೆ ತಿರುಗಿಸುವಾಗ ಕಾರು ಮುಂದಕ್ಕೆ ತೆವಳುವುದು ಮಾಡೆಲ್ ಟಿಯ ಹಳೆಯ ಅಪಾಯ. ಗೋಡೆಗೂ ಕಾರಿಗೂ ನಡುವೆ ಸಿಲುಕಿ ಗಾಯಗೊಂಡವರಿದ್ದಾರೆ. ಕೈಸನ್ನೆಯ ಅಡ್ಡದಂಡದಲ್ಲಿ ಕ್ಲಚ್ಚನ್ನು ಒತ್ತಿ ಹಿಡಿಯುವ ತಿರುಪೊಂದಿದೆ. ಅದರ ತುದಿ ಸವೆದರೆ ನ್ಯೂಟ್ರಲ್ ಪೂರ್ಣವಾಗುವುದಿಲ್ಲ. ಕೈಸನ್ನೆಯನ್ನು ಹಿಂದಕ್ಕೆ ಎಳೆದಾಗ ಎಡ ಪೆಡಲ್ ಟಾಪ್ ಸ್ಥಾನದಿಂದ ನ್ಯೂಟ್ರಲ್‌ಗೆ ಒಂದೂ ಮುಕ್ಕಾಲು ಇಂಚು ಮುಂದೆ ಸರಿಯಬೇಕು. ಅಷ್ಟು ಸರಿಯದಿದ್ದರೆ ಆ ತಿರುಪಿಗೆ ಇನ್ನೊಂದು ಸುತ್ತು ಕೊಡಿ. ಮಡಿಕೇರಿಯ ಚಳಿಯ ಬೆಳಗಿನಲ್ಲಿ ಇದೆಲ್ಲ ಸರಿಯಿದ್ದರೂ ಎಣ್ಣೆ ಗಟ್ಟಿಯಾಗಿ ಕಾರು ತೆವಳಬಹುದು. ಅಂಥ ದಿನ ಹಿಂದಿನ ಒಂದು ಚಕ್ರ ಎತ್ತಿ, ಉಳಿದವುಗಳಿಗೆ ದಿಮ್ಮಿ ಕೊಟ್ಟು ಎಂಜಿನ್ ಚಾಲೂ ಮಾಡಿ. ಎಂಜಿನ್ ತಿರುಗಿಸುವುದೂ ಹಗುರವಾಗುತ್ತದೆ.

ಲೈನಿಂಗ್ ಬದಲಿಸುವುದು

ತುದಿಯ ಕಿವಿಗಳು (ಪೆಡಲ್ ದಂಡಕ್ಕೆ ಸಿಕ್ಕಿಸುವ ಭಾಗ) ಬಿಚ್ಚಿಕೊಳ್ಳುವ ಪಟ್ಟಿಗಳಿದ್ದರೆ ಕೆಲಸ ಬಾಗಿಲಿನ ಮೂಲಕವೇ ಆಗುತ್ತದೆ. ಹಳೆಯ ಮಾದರಿಯ ಪಟ್ಟಿಗಳಾದರೆ ಇಡೀ ಮೇಲ್ಮುಚ್ಚಳವನ್ನು ಎತ್ತಬೇಕು. ಮತ್ತೆ ಕೂರಿಸುವಾಗ ಮೂರೂ ಪಟ್ಟಿಗಳ ಕಿವಿಗಳನ್ನು ಮೇಲಕ್ಕೆ ತಂದು ದಾರದಿಂದ ಒಟ್ಟಿಗೆ ಕಟ್ಟಿದರೆ ಪೆಡಲ್ ದಂಡಗಳ ಮೇಲೆ ಸಲೀಸಾಗಿ ಕೂರುತ್ತವೆ. ಕಟ್ಟಿದ ದಾರ ಬಿಚ್ಚಲು ಮರೆಯಬೇಡಿ.

ಲೈನಿಂಗ್ ಮೂರು ಬಗೆ. ಹತ್ತಿಯದು ಮೃದು, ಡ್ರಮ್ಮಿಗೆ ದಯೆ ತೋರುತ್ತದೆ, ಆದರೆ ಬೇಗ ಸವೆದು ಜುಂಗು ಬಿಡುತ್ತದೆ. ಹಾಕುವ ಮೊದಲು ಒಂದು ರಾತ್ರಿ ಎಂಜಿನ್ ಎಣ್ಣೆಯಲ್ಲಿ ನೆನೆಸಬೇಕು. ಮರದ ಲೈನಿಂಗ್ ಬಹುಕಾಲ ಬಾಳುತ್ತದೆ. ಆದರೆ ಪೂರ್ತಿ ಮೈಯಿಂದ ತಾಗುವಂತೆ ಹದಗೊಳ್ಳುವವರೆಗೆ ತಾಳ್ಮೆ ಬೇಕು. ಕೆವ್ಲಾರ್ ಎಂಬ ಕೃತಕ ನಾರು ಬಲು ಗಟ್ಟಿ, ಜುಂಗೂ ಕಡಿಮೆ. ಆದರೆ ಅದನ್ನು ಬಿಗಿಯಾಗಿ ಇಟ್ಟರೆ ಲೈನಿಂಗ್ ಉಳಿದು ಡ್ರಮ್ ಹೋಗುತ್ತದೆ. ಈಗ ನನ್ನ ಕಾರಿನಲ್ಲಿರುವುದು ಕೆವ್ಲಾರ್. ಹೊಸಬರಿಗೆ ನಾನು ಹತ್ತಿಯನ್ನೇ ಹೇಳುತ್ತೇನೆ. ಹೊಂದಾಣಿಕೆಯಲ್ಲಿ ತಪ್ಪಿದರೆ ಹೋಗುವುದು ಬರೀ ಲೈನಿಂಗ್.

ರಿವೆಟ್ ಹೊಡೆಯುವ ಮೊದಲು ಬರಿಯ ಪಟ್ಟಿ ದುಂಡಾಗಿದೆಯೇ ಎಂದು ನೋಡಿ, ಸೊಟ್ಟಗಾಗಿದ್ದರೆ ಮರದ ಸುತ್ತಿಗೆಯಿಂದ ತಿದ್ದಿ. ಮೊದಲು ಲೈನಿಂಗ್‌ನ ಎರಡು ತುದಿಗಳಿಗೆ ರಿವೆಟ್ ಹೊಡೆಯಿರಿ. ನಡುವೆ ಉಬ್ಬಿದ ಭಾಗವನ್ನು ಪಟ್ಟಿಯ ಒಳಮೈಗೆ ಒತ್ತಿ ಕೂರಿಸಿ ಉಳಿದವನ್ನು ಹೊಡೆದರೆ ಲೈನಿಂಗ್ ಎಲ್ಲಿಯೂ ಎದ್ದಿರುವುದಿಲ್ಲ. ರಿವೆಟ್‌ನ ತಲೆ ಲೈನಿಂಗ್‌ನ ಮೇಲ್ಮೈಗಿಂತ ಒಳಗೆ ಮುಳುಗಿರಲಿ. ಬೆರಳಿನಿಂದ ಸವರಿದಾಗ ಲೋಹ ತಾಗಿದರೆ ಆ ರಿವೆಟ್ಟನ್ನು ಮತ್ತೆ ಮಾಡಿ. ಲೋಹ ಡ್ರಮ್ಮಿನ ಮೇಲೆ ಗೀರು ಹಾಕುತ್ತದೆ.

ಎಂಜಿನ್ ಇಳಿಸಲೇಬೇಕಾದಾಗ

ಡ್ರಮ್ ಬಿರಿದಿದ್ದರೆ ಅಥವಾ ಗೇರ್ ಬುಷ್‌ಗಳು ಸವೆದಿದ್ದರೆ ಬೇರೆ ದಾರಿಯಿಲ್ಲ. ಗೇರ್‌ಬಾಕ್ಸ್ ಎಂಜಿನ್ ಜೊತೆಗೇ ಹೊರಬರುತ್ತದೆ. ಫ್ಲೈವೀಲ್ ನಾಲ್ಕು ಬೋಲ್ಟ್‌ಗಳಿಂದ ಕ್ರ್ಯಾಂಕ್‌ಶಾಫ್ಟ್‌ಗೆ ಸೇರಿದೆ. ಮೊದಲ ಸಲವಾದರೆ ಈ ಹಿಂದೆ ಇದನ್ನು ಮಾಡಿದವರೊಬ್ಬರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಜೋಡಿಸುವಾಗ ಮೂರು ಗೇರ್ ಗುಂಪುಗಳ ಹಲ್ಲಿನ ಮೇಲಿರುವ ಚುಕ್ಕೆ ಗುರುತುಗಳನ್ನು ನೋಡಿ ನಡುವಿನ ಗೇರ್ ಸುತ್ತ ಸಮ ಅಂತರದಲ್ಲಿ ಕೂರಿಸಿ, ಸುತ್ತ ದಾರ ಬಿಗಿದು ಹಿಡಿದರೆ ಫ್ಲೈವೀಲ್‌ನ ಗೂಟಗಳ ಮೇಲೆ ಸುಲಭವಾಗಿ ಇಳಿಯುತ್ತವೆ. ಎಂಜಿನ್ ಹೊರಗಿರುವಾಗಲೇ ಆ ಎಣ್ಣೆ ಕೊಳವೆಗೆ ಗಾಳಿ ಊದಿ ಚೊಕ್ಕಟ ಮಾಡಿ. ಈ ಅವಕಾಶ ಮತ್ತೆ ಬೇಗ ಸಿಗುವುದಿಲ್ಲ.

ಇಷ್ಟೆಲ್ಲ ಕಷ್ಟವೇಕೆ, ಜೀಪಿನ ಗೇರ್‌ಬಾಕ್ಸ್ ಹಾಕಿಸಿ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ, ಚಾಸಿ, ದೇಹ, ಎಂಜಿನ್ ಮೂಲರೂಪದಲ್ಲಿ ಇರಬೇಕೆಂದು ಕೇಳುತ್ತದೆ. ಈ ಕಾರಿನಲ್ಲಿ ಎಂಜಿನ್ ಮುಟ್ಟದೆ ಗೇರ್‌ಬಾಕ್ಸ್ ಬದಲಿಸಲಾಗದು.

ಹಿಂದಿನ ಆಕ್ಸಲ್ ನೋಡದೆ ಬ್ರೇಕ್ ನಂಬಬೇಡಿ

ಗೇರ್‌ಬಾಕ್ಸ್‌ನ ಬ್ರೇಕ್ ಚಕ್ರವನ್ನು ತಲುಪುವುದು ಹಿಂದಿನ ಆಕ್ಸಲ್‌ನ ಗೇರ್‌ಗಳ ಮೂಲಕ. ಗೇರ್‌ಗಳನ್ನು ಜಾಗ ಬಿಟ್ಟು ಸರಿಯದಂತೆ ತಡೆಯುವ ಅಲ್ಲಿನ ಮೂಲ ಥ್ರಸ್ಟ್ ವಾಷರ್‌ಗಳು ಬ್ಯಾಬಿಟ್ ಎಂಬ ಮೆದು ಲೋಹದವು. ಅವು ವಯಸ್ಸಾಗಿ ಪುಡಿಯಾದರೆ ಗೇರ್‌ಗಳು ಒಂದರಿಂದೊಂದು ಸರಿದು, ಪೆಡಲ್ ಎಷ್ಟು ಗಟ್ಟಿಯಾಗಿದ್ದರೂ ಕಾರು ನಿಲ್ಲುವುದಿಲ್ಲ. ನಿಮ್ಮ ಕಾರಿನಲ್ಲಿ ಕಂಚಿನ ವಾಷರ್ ಹಾಕಿಸಿದ್ದು ಖಚಿತವಾಗಿ ಗೊತ್ತಿಲ್ಲವಾದರೆ ಘಾಟಿ ಇಳಿಯುವ ಯೋಚನೆ ಬಿಡಿ. ಅದನ್ನು ಬಿಚ್ಚಿಸಿ ನೋಡುವುದೇ ಮೊದಲ ಕೆಲಸವಾಗಲಿ.

ಓಡಿಸುವಾಗಿನ ಆರೈಕೆ

ನಿಧಾನ ಗೇರಿನ ಪೆಡಲನ್ನು ಒತ್ತಿದರೆ ಪೂರ್ತಿ ಒತ್ತಿ. ಅರ್ಧ ಒತ್ತಿ ಜಾರಿಸುತ್ತಾ ಟ್ರಾಫಿಕ್‌ನಲ್ಲಿ ನುಸುಳಿದರೆ ಲೈನಿಂಗ್ ಬೇಯುತ್ತದೆ. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿ ನಿಧಾನ ಗೇರನ್ನು ಹಿಡಿದರೆ ಎಂಜಿನ್ನೇ ಕಾರನ್ನು ತಡೆಯುತ್ತದೆ. ಉದ್ದ ಇಳಿಜಾರಿನಲ್ಲಿ ರಿವರ್ಸ್ ಪೆಡಲನ್ನೂ ಮೃದುವಾಗಿ ಒತ್ತಿ ಬ್ರೇಕ್ ಆಗಿ ಬಳಸಬಹುದು. ಹಳೆಯ ಚಾಲಕರು ಮೂರೂ ಪೆಡಲ್‌ಗಳನ್ನು ಸರದಿಯಲ್ಲಿ ಬಳಸಿ ಸವೆತವನ್ನು ಹಂಚುತ್ತಿದ್ದರು. ಬ್ರೇಕ್ ಪಟ್ಟಿ ಕೈಕೊಟ್ಟ ದಿನ ಉಳಿದೆರಡು ಪೆಡಲ್‌ಗಳು ಕಾರನ್ನು ನಿಲ್ಲಿಸಬಲ್ಲವು. ಅದನ್ನು ಮೈದಾನದಲ್ಲಿ ಮೊದಲೇ ಅಭ್ಯಾಸ ಮಾಡಿ.

ಹೊಸ ಲೈನಿಂಗ್ ಹಾಕಿದ ಮೇಲೆ ಮೊದಲ 50 ಕಿ.ಮೀ. ಸಮತಟ್ಟಾದ ರಸ್ತೆಯಲ್ಲೇ ಓಡಿಸಿ. ಮನೆಗೆ ಬಂದು ಎಣ್ಣೆ ಮಟ್ಟ ನೋಡಿ, ಚಕ್ರ ಎತ್ತಿ ಎಳೆತ ಪರೀಕ್ಷೆ ಮಾಡಿ, ಮೂರೂ ಪೆಡಲ್‌ಗಳ ಚಲನೆಯನ್ನು ಅಳತೆಪಟ್ಟಿಯಿಂದ ಅಳೆದು ದಿನಾಂಕದ ಜೊತೆ ಬರೆದಿಡಿ. ಮುಂದಿನ ಸಲ ಪೆಡಲ್ ಕಾಲು ಇಂಚು ಹೆಚ್ಚು ಇಳಿದರೆ ಅದು ನಿಮ್ಮ ಪುಸ್ತಕದಲ್ಲೇ ಕಾಣುತ್ತದೆ.